ಹೊತ್ತೇರಿದರೆ ದನ ಮೇಯುವುದನ್ನು ಬಿಟ್ಟು ಒತ್ತಾಗಿ ನಿಲ್ಲುವುದು ಯಾಕೆ?

ಪ್ರಶ್ನೆ: ನಮ್ಮದು ಬೀಳಗಿ ತಾಲ್ಲೂಕು, ಆಲಮಟ್ಟಿ ಹಿನ್ನೀರಿನ ಪಕ್ಕದ ಊರು. ಜರ್ಸಿ ಮತ್ತು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ನಾಲ್ಕು ಆಕಳು, ಒಂದು ಜೋಡಿ ಖಿಲಾರಿ ಎತ್ತು, ಮೂರು ಎಮ್ಮೆ, ಕೆಲವು ಕರುಗಳಿವೆ. ಮಳೆ ಬಿದ್ದಾಗಿನಿಂದ ಆಕಳುಗಳು ಹೊತ್ತೇರಿದ ಮೇಲೆ ಮೇಯುವುದನ್ನೇ ಬಿಡುತ್ತವೆ. ಒತ್ತೊತ್ತಾಗಿ ನಿಂತು ಕಾಲು ಝಾಡಿಸುತ್ತವೆ, ಇಲ್ಲವೇ ನೀರಿಗಿಳಿದು ನಿಂತುಬಿಡುತ್ತವೆ. ಹೊತ್ತಿಗೆ ಸುಮಾರು ಒಂದು ಲೀಟರ್ ಹಾಲು ಇಳಿದಿದೆ. ಎಮ್ಮೆ, ಎತ್ತುಗಳಿಗೆ ಅಷ್ಟು ಕಾಟ ಕಾಣುವುದಿಲ್ಲ. ಬೆನ್ನ ಮೇಲೆ ವಾರಕ್ಕೊಮ್ಮೆ ಔಷಧಿ ಹೊಡೆದರೂ ಎರಡೇ ದಿನಕ್ಕೆ ನೊಣ ಮತ್ತೆ ಮುತ್ತುತ್ತವೆ. ಏನು ಮಾಡಬೇಕು?

ಉತ್ತರ: ನಿಮ್ಮ ಔಷಧಿ ಕೆಲಸ ಮಾಡದಿರುವುದಕ್ಕೆ ಕಾರಣ ಬಹುಪಾಲು ನಿಮ್ಮ ಪ್ರಶ್ನೆಯಲ್ಲೇ ಇದೆ. ಆಕಳು ಕಾಲು ಝಾಡಿಸುತ್ತಿವೆ, ನೀವು ಬೆನ್ನಿಗೆ ಹೊಡೆಯುತ್ತಿದ್ದೀರಿ. ಕಚ್ಚುವ ನೊಣಗಳಲ್ಲಿ ಮೂರು ಬಗೆ ಮುಖ್ಯ. ಅವು ಕೂರುವ ಜಾಗ ಬೇರೆ, ಕಚ್ಚುವ ಹೊತ್ತು ಬೇರೆ, ಮೊಟ್ಟೆ ಇಡುವ ಜಾಗ ಬೇರೆ. ಯಾವುದು ಅಂತ ಗುರುತಿಸದೆ ಹೊಡೆದ ಔಷಧಿಗೆ ದುಡ್ಡು ಹೋಗುತ್ತದೆ, ನೊಣ ಹೋಗುವುದಿಲ್ಲ.

ಮೊದಲು ಇದು ಬಿಸಿಲಿನ ಬಾಧೆಯೋ ನೊಣದ ಬಾಧೆಯೋ ನೋಡಿಕೊಳ್ಳಿ. ಬಿಸಿಲಿಗೆ ಬಸವಳಿದ ಆಕಳು ನೆರಳು ಹುಡುಕಿ ನಿಲ್ಲುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಕಾಲು ಮಾತ್ರ ಸುಮ್ಮನಿರುತ್ತವೆ. ನೊಣದ ಕಾಟವಿದ್ದರೆ ಸುಡುಬಿಸಿಲಲ್ಲೇ, ನೆರಳು ಪಕ್ಕದಲ್ಲಿದ್ದರೂ, ಮೈಗೆ ಮೈ ತಾಗಿಸಿಕೊಂಡು ನಿಲ್ಲುತ್ತವೆ. ತಲೆ ಒಳಗೆ, ಹಿಂಭಾಗ ಹೊರಗೆ. ಕಾಲು, ಬಾಲ, ಕಿವಿ ಒಂದೂ ಸುಮ್ಮನಿರುವುದಿಲ್ಲ. ನೀವು ಬರೆದಿರುವುದು ಎರಡನೆಯದು. ಹೀಗೆ ಒತ್ತಾಗಿ ನಿಂತಾಗ ನಡುವಿನ ದನಕ್ಕೆ ನೊಣ ಕಡಿಮೆ, ಅಂಚಿನಲ್ಲಿ ನಿಂತದ್ದಕ್ಕೆ ಹೆಚ್ಚು. ಅದಕ್ಕೇ ಒಳಗೆ ನುಗ್ಗಲು ತಳ್ಳಾಟ ನಡೆಯುತ್ತದೆ, ಕರುಗಳು ಕಾಲಿಗೆ ಸಿಕ್ಕಿಬೀಳುತ್ತವೆ. ಗಾಳಿಯಾಡದೆ ಮೈ ಕಾವೂ ಏರುತ್ತದೆ, ಹಾಗಾಗಿ ನೊಣದಿಂದ ಶುರುವಾದದ್ದು ಬಿಸಿಲಿನ ಬಾಧೆಯಾಗಿ ಮುಗಿಯುವುದೂ ಉಂಟು.

ಈಗ ಒಂದು ಆಕಳ ಪಕ್ಕಕ್ಕೆ, ಬಿಸಿಲು ಬೀಳುವ ಕಡೆಯಿಂದ, ಎರಡು ಮೂರು ಮಾರು ದೂರದಲ್ಲಿ ನಿಂತು ನೋಡಿ.

ಮುಂಗಾಲಿನ ಮೊಣಕಾಲಿನಿಂದ ಕೆಳಗೆ, ಮನೆ ನೊಣದಷ್ಟೇ ದೊಡ್ಡದಾದ ಬೂದು ನೊಣ, ತಲೆ ಮೇಲೆ ಮಾಡಿ ಕೂತಿದೆಯೇ? ಬಾಯಿಯಿಂದ ಸೂಜಿಯಂಥ ಕಪ್ಪು ಕೊಳವೆ ಮುಂದಕ್ಕೆ ಚಾಚಿದೆಯೇ? ಹಾಗಿದ್ದರೆ ಅದು ಕೊಟ್ಟಿಗೆ ನೊಣ, ಶಾಸ್ತ್ರದ ಹೆಸರು ಸ್ಟೊಮಾಕ್ಸಿಸ್. ಗಂಡು ಹೆಣ್ಣು ಎರಡೂ ರಕ್ತ ಹೀರುತ್ತವೆ. ದಿನಕ್ಕೆ ಒಂದೆರಡು ಸಲ, ಪ್ರತಿ ಸಲ ಕೆಲವೇ ನಿಮಿಷ ಮಾತ್ರ ದನದ ಮೇಲೆ ಕೂತು, ಉಳಿದ ಹೊತ್ತೆಲ್ಲ ಗೋಡೆ, ಬೇಲಿ, ಗಿಡಗಳ ಮೇಲೆ ರಕ್ತ ಅರಗಿಸಿಕೊಳ್ಳುತ್ತ ಇರುತ್ತವೆ. ಬೇಸಿಗೆಯಂಥ ಬಿಸಿಯಲ್ಲಿ ಬೆಳಿಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ ಇದರ ಕಾಟ ಏರುತ್ತದೆ. ಮೋಡ ಕವಿದ ತಂಪು ದಿನಗಳಲ್ಲಿ ನಡುಹಗಲಲ್ಲೂ ಬಿಡುವುದಿಲ್ಲ.

ಬೆನ್ನು, ಭುಜ, ಹಿಣಿಲಿನ ಸುತ್ತ, ಬಿಸಿಲೇರಿದರೆ ಹೊಟ್ಟೆಯಡಿ, ಮನೆ ನೊಣದ ಅರ್ಧದಷ್ಟು ಸಣ್ಣ ನೊಣಗಳು ಗುಂಪಾಗಿ, ತಲೆ ಕೆಳಗೆ ಮಾಡಿ ಕೂತಿದ್ದರೆ ಅದು ಎಮ್ಮೆ ನೊಣ, ಹಿಮಟೋಬಿಯ. ಇದು ಹಗಲು ರಾತ್ರಿ ದನದ ಮೈಮೇಲೇ ವಾಸ. ಬಾಲ ಬೀಸಿದರೆ ಒಂದು ಗೇಣು ಎದ್ದು ಮತ್ತೆ ಅಲ್ಲೇ ಕೂರುತ್ತದೆ. ದಿನಕ್ಕೆ 20 ಸಲಕ್ಕೂ ಹೆಚ್ಚು ಚುಚ್ಚುತ್ತದೆ. ಮೈ ಬಿಟ್ಟು ಇಳಿಯುವುದು, ಆಗ ತಾನೇ ಹಾಕಿದ ಹಸಿ ಹೆಂಡಿಯಲ್ಲಿ ಮೊಟ್ಟೆ ಇಡಲಿಕ್ಕೆ ಮಾತ್ರ.

ಮೂರನೆಯದನ್ನು ಗುರುತಿಸಲು ಹತ್ತಿರ ಹೋಗಬೇಕಾಗಿಲ್ಲ. ಜೇನುನೊಣದಷ್ಟು ಅಥವಾ ಅದಕ್ಕಿಂತ ದೊಡ್ಡದು, ದಪ್ಪ ಹಸಿರು ಇಲ್ಲವೇ ಕಂದು ಕಣ್ಣು, ಗುಂಯ್ ಎನ್ನುವ ಸದ್ದು. ಕುದುರೆ ನೊಣ ಎನ್ನುವುದು ಇದನ್ನೇ. ಹೆಣ್ಣು ಮಾತ್ರ ಕಚ್ಚುತ್ತದೆ. ಸೂಜಿಯಂತೆ ಚುಚ್ಚುವುದಿಲ್ಲ, ಚರ್ಮವನ್ನು ಕೊಯ್ದು, ಒಸರಿದ ರಕ್ತವನ್ನು ನೆಕ್ಕುತ್ತದೆ. ಎದ್ದು ಹೋದ ಮೇಲೂ ಆ ಜಾಗದಲ್ಲಿ ರಕ್ತದ ಹನಿ ಜಿನುಗುತ್ತಿರುತ್ತದೆ. ಬಿಸಿಲು ಚುರುಕಾಗಿದ್ದು ಗಾಳಿ ನಿಂತ ಹೊತ್ತು ಇದಕ್ಕೆ ಹಬ್ಬ. ಮರಿಹುಳ ಬೆಳೆಯುವುದು ನೀರಂಚಿನ ಕೆಸರಲ್ಲಿ. ಹಾಗಾಗಿ ಆಲಮಟ್ಟಿ ಹಿನ್ನೀರಿನ ದಂಡೆ, ಘಟಪ್ರಭೆ ಮಲಪ್ರಭೆಯ ಮಡುಗಳು, ಡೋಣಿ ಹೊಳೆಯ ಜೌಗು, ಖಾನಾಪುರದ ಕಾಡಿನ ಹಳ್ಳಗಳು ಎಲ್ಲವೂ ಇದಕ್ಕೆ ಹೇಳಿಮಾಡಿಸಿದ ಜಾಗ.

ಆಕಳು ಏನು ಮಾಡುತ್ತಿದೆ ಎಂಬುದೂ ನೊಣದ ಗುರುತು ಹೇಳುತ್ತದೆ. ಮುಂಗಾಲು ನೆಲಕ್ಕೆ ಕುಟ್ಟುವುದು, ತಲೆಯನ್ನು ಮುಂಗಾಲಿನತ್ತ ಬೀಸುವುದು ಕೊಟ್ಟಿಗೆ ನೊಣಕ್ಕೆ. ಚರ್ಮ ಅದುರಿಸುವುದು, ತಲೆಯನ್ನು ಭುಜದ ಮೇಲಕ್ಕೆ ಎಸೆಯುವುದು, ಎಡೆಬಿಡದ ಬಾಲ ಎಮ್ಮೆ ನೊಣಕ್ಕೆ. ಮೇಯುತ್ತಿದ್ದದ್ದು ಒಮ್ಮೆಲೇ ಬೆಚ್ಚಿ, ಬಾಲ ಎತ್ತಿ ನೀರಿನತ್ತಲೋ ಗಿಡಗಂಟಿಯ ಒಳಕ್ಕೋ ಓಡಿದರೆ ಕುದುರೆ ನೊಣ ಕೊಯ್ದಿದೆ ಅಂತ ತಿಳಿಯಿರಿ. ನಿಮ್ಮ ದನಗಳಿಗೆ ಎರಡು ಬಗೆಯ ನೊಣಗಳ ಕಾಟ ಸೇರಿದೆ ಎಂದು ನನ್ನ ಅಂದಾಜು: ಕಾಲಿಗೆ ಕೊಟ್ಟಿಗೆ ನೊಣ, ನಡುಹಗಲು ದಂಡೆಯಲ್ಲಿ ಕುದುರೆ ನೊಣ.

ಅಂದಾಜು ಸಾಲದು, ಎಣಿಸಿ. ಒಂದು ಆಕಳ ಎರಡೂ ಮುಂಗಾಲು ನೋಡಿ, ಒಂದರ ಹೊರಮೈ, ಇನ್ನೊಂದರ ಒಳಮೈ. ಕಾಲಿಗೆ ಸರಾಸರಿ 5ಕ್ಕಿಂತ ಹೆಚ್ಚು ಕೊಟ್ಟಿಗೆ ನೊಣ ಕಂಡರೆ ಸುಮ್ಮನಿರುವಂತಿಲ್ಲ. ಎಮ್ಮೆ ನೊಣವಾದರೆ ಒಂದು ಆಕಳ ಮೇಲೆ ಒಟ್ಟು 200ರವರೆಗೆ ದೊಡ್ಡ ನಷ್ಟವಿಲ್ಲ ಎಂಬುದು ಸಾಮಾನ್ಯವಾಗಿ ಒಪ್ಪಿದ ಲೆಕ್ಕ. ಒಂದು ಪಕ್ಕ ಮಾತ್ರ ಎಣಿಸಿದರೆ ಸಾಕು, ಅಲ್ಲಿ 100 ಕಂಡರೆ ಆ ಮಿತಿ ಮುಟ್ಟಿತು ಅಂತ ಲೆಕ್ಕ. ನೊಣ ಎಣಿಸಲು ಕಣ್ಣು ಹೊಂದದಿದ್ದರೆ ಗಡಿಯಾರ ಹಿಡಿದು ಎರಡು ನಿಮಿಷದಲ್ಲಿ ಎಷ್ಟು ಸಲ ಕಾಲು ಕುಟ್ಟಿತು ಅಂತ ಬರೆದಿಡಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಅದೇ ಆಕಳುಗಳಿಗೆ. ನೀವು ಮಾಡಿದ ಕೆಲಸ ಫಲ ಕೊಟ್ಟಿತೋ ಇಲ್ಲವೋ ಎಂಬುದನ್ನು ಹಾಲಿನ ಅಳತೆಗಿಂತ ಮೊದಲೇ ಈ ಎಣಿಕೆ ಹೇಳುತ್ತದೆ.

ಹಾಲು ಇಳಿಯುವುದಕ್ಕೆ ನೊಣ ಕುಡಿದ ರಕ್ತ ದೊಡ್ಡ ಕಾರಣವಲ್ಲ. ಮೇಯುವ ಹೊತ್ತು, ಮಲಗುವ ಹೊತ್ತು, ಮೆಲುಕು ಹಾಕುವ ಹೊತ್ತು ಮೂರನ್ನೂ ನೊಣ ಕದಿಯುತ್ತದೆ. ಹಾಲು ಕೊಡುವ ಆಕಳಿಗೆ ದಿನಕ್ಕೆ 10ರಿಂದ 12 ಗಂಟೆ ಮಲಗುವ ನೆಮ್ಮದಿ ಬೇಕು, ಮೆಲುಕಿಗೆ 7-8 ಗಂಟೆ. ಕಾಲು ಕುಟ್ಟುತ್ತ ನಿಂತ ಆಕಳಿಗೆ ಯಾವುದೂ ಸಿಗುವುದಿಲ್ಲ, ಗೊರಸಿನ ಮೇಲೆ ಭಾರ ಬಿದ್ದು ಕುಂಟು ಶುರುವಾಗುತ್ತದೆ. ಎಮ್ಮೆ ನೊಣ ಮೊಲೆತೊಟ್ಟಿನ ತುದಿಯನ್ನು ಕಚ್ಚಿ ಹಕ್ಕಳೆ ಮಾಡುತ್ತದೆ. ಅದರ ಮೂಲಕ, ಇನ್ನೂ ಕರು ಹಾಕದ ಪಡ್ಡೆಗಳಿಗೂ ಕೆಚ್ಚಲು ಬಾವು ಬರುತ್ತದೆ. ಹಾಲು ಇಳಿದ ನಿಮ್ಮ ಆಕಳುಗಳ ಮೊಲೆತೊಟ್ಟಿನ ತುದಿಯನ್ನು ಇವತ್ತೇ ಬೆಳಕಿನಲ್ಲಿ ನೋಡಿ, ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ಗರಣೆ (ಹಾಲಿನ ಗಡ್ಡೆ) ಇದೆಯೇ ಪರೀಕ್ಷಿಸಿ. ಎಲ್ಲವನ್ನೂ ನೊಣದ ಮೇಲೆ ಹಾಕಿ ಬಾವನ್ನು ಮರೆಯಬಾರದು.

ಇನ್ನೊಂದು ಮಾತು ಒತ್ತಿ ಹೇಳಬೇಕು. ಕಟ್ಟಿಹಾಕಿದ ದನಕ್ಕೆ ಓಡುವ ದಾರಿಯೂ ಇಲ್ಲ. ಮೂಗುದಾರಕ್ಕೆ ಗಿಡ್ಡ ಹಗ್ಗ ಬಿಗಿದರೆ ತಲೆ ಭುಜಕ್ಕೆ ಮುಟ್ಟುವುದಿಲ್ಲ, ಮುಂಗಾಲಿಗೂ ಮುಟ್ಟುವುದಿಲ್ಲ. ಅಂದರೆ ಅದರ ದೊಡ್ಡ ಆಯುಧವನ್ನೇ ನಾವು ಕಿತ್ತುಕೊಂಡ ಹಾಗೆ. ನೊಣದ ಕಾಲದಲ್ಲಿ ಹಗ್ಗವನ್ನು ತಲೆ ಎರಡೂ ಭುಜಕ್ಕೆ ಸಲೀಸಾಗಿ ತಿರುಗುವಷ್ಟು ಉದ್ದ ಬಿಡಿ. ಬಾಲದ ಕುಚ್ಚನ್ನು ಕತ್ತರಿಸಬೇಡಿ. ಹೆಂಡಿ ಅಂಟಿ ಗಟ್ಟಿಯಾಗಿದ್ದರೆ ತೊಳೆಯಿರಿ. ನೊಗಕ್ಕೆ ಹೂಡಿದ ಎತ್ತು ಬಾಲ ಮಾತ್ರ ಬೀಸಬಲ್ಲದು, ಆದ್ದರಿಂದ ಗಳೆ ಹೊಡೆಯುವುದನ್ನು ನಡುಹಗಲಿಗೆ ಮುಂಚೆ ಮುಗಿಸಿ.

ನಿಮ್ಮ ಎಮ್ಮೆಗಳು ಆರಾಮಾಗಿರುವುದು ಕೆಸರಿನಿಂದ. ಹೊರಳಿ ಎದ್ದ ಎಮ್ಮೆಯ ಮೈಗೆ ಒಣಗಿದ ರಾಡಿ ಕವಚವಾಗುತ್ತದೆ. ಮೈ ತೊಳೆದು ಕಟ್ಟಿಹಾಕಿ ನೋಡಿ, ಅವಕ್ಕೂ ಅದೇ ಗತಿ. ಖಿಲಾರಿ ಎತ್ತುಗಳಿಗೆ ಬಣ್ಣದ ಅನುಕೂಲ. ಕುದುರೆ ನೊಣ ಕಪ್ಪು, ಹೊಳೆಯುವ ಮೈಯನ್ನು ದೂರದಿಂದ ಗುರುತು ಹಿಡಿಯುತ್ತದೆ, ಬಿಳಿ ಮೈಯತ್ತ ಕಡಿಮೆ ಬರುತ್ತದೆ. 2019ರಲ್ಲಿ ಪ್ರಕಟವಾದ ಜಪಾನಿನ ಒಂದು ಪ್ರಯೋಗದಲ್ಲಿ ಕಪ್ಪು ಆಕಳುಗಳ ಮೈಗೆ ಬಿಳಿ ಪಟ್ಟೆ ಬಳಿದಾಗ ಮೈಮೇಲೆ ಕೂರುವ ಕಚ್ಚುವ ನೊಣಗಳು ಸುಮಾರು ಅರ್ಧಕ್ಕೆ ಇಳಿದವು. ನಮ್ಮ ಖಿಲಾರಿ ಮತ್ತು ಕೃಷ್ಣಾ ಕಣಿವೆ ತಳಿಗಳ ಬಿಳುಪು, ಗಿಡ್ಡ ಕೂದಲು, ಎಲ್ಲೆಂದರಲ್ಲಿ ಅದುರಿಸಬಲ್ಲ ಸಡಿಲ ಚರ್ಮ, ಉದ್ದ ಬಾಲ ಎಲ್ಲವೂ ಈ ಹೋರಾಟದಲ್ಲಿ ನೆರವಿಗೆ ಬರುತ್ತವೆ. ಕಪ್ಪು ಎಚ್.ಎಫ್. ಆಕಳಿಗೆ ಇವು ಯಾವುವೂ ಅಷ್ಟಾಗಿ ಇಲ್ಲ, ಆದ್ದರಿಂದ ನೆರಳು ಕಡಿಮೆಯಿದ್ದರೆ ಮೊದಲ ಪಾಲು ಅದಕ್ಕೆ.

ಈಗ ಕೆಲಸದ ಮಾತು. ಕೊಟ್ಟಿಗೆ ನೊಣವನ್ನು ಅದು ಹುಟ್ಟುವಲ್ಲಿ ಹಿಡಿಯಬೇಕು. ಇದು ಮೊಟ್ಟೆ ಇಡುವುದು ಬರೀ ಸಗಣಿಯಲ್ಲಲ್ಲ. ಮೇವು, ಗಂಜಲ, ಸಗಣಿ ಮೂರೂ ಬೆರೆತು ಕೊಳೆಯುವ ಹಸಿಯಲ್ಲಿ. ಬಿಸಿ ಕಾಲದಲ್ಲಿ ಮೊಟ್ಟೆಯಿಂದ ನೊಣವಾಗಲು ಎರಡರಿಂದ ಮೂರು ವಾರ. ನಿಮ್ಮ ಅಂಗಳದಲ್ಲಿ ಇಂಥ ಜಾಗಗಳು ಗೋದಲಿಯ ಬುಡ, ಕರು ಕಟ್ಟುವ ಮೂಲೆ, ಮಳೆಗೆ ತೊಯ್ದ ಕಣಿಕೆ ಬಣವೆಯ ಅಡಿ, ನೀರಿನ ತೊಟ್ಟಿ ಸೋರುವಲ್ಲಿ, ತಿಪ್ಪೆಯ ಅಂಚು. ಅಲ್ಲಿ ಒಂದು ಕೋಲಿನಿಂದ ನಾಲ್ಕು ಬೆರಳು ಕೆದಕಿ. ಕೆನೆಬಣ್ಣದ ಹುಳ ಮಿಸುಕಾಡಿದರೆ, ಕಂದು ಬಣ್ಣದ ಸಣ್ಣ ಕೋಶಗಳು ಕಂಡರೆ, ನಿಮ್ಮ ಆಕಳಿಗೆ ಕಚ್ಚುವ ನೊಣ ಅಲ್ಲಿಂದಲೇ ಏಳುತ್ತಿರಬಹುದು. ಮನೆ ನೊಣದ ಹುಳವೂ ನೋಡಲು ಹಾಗೇ ಇರುತ್ತದೆ, ಆದರೆ ಕೆಲಸ ಎರಡಕ್ಕೂ ಒಂದೇ.

ವಾರಕ್ಕೆ ಎರಡು ಸಲ ಈ ಜಾಗಗಳನ್ನು ನೆಲ ಕಾಣುವಷ್ಟು ಬಳಿದು ತೆಗೆಯಿರಿ. ಮೇಲ್ಮೇಲೆ ಗುಡಿಸಿದರೆ ಸಾಲದು, ಗೋಡೆ ಸೇರುವ ಮೂಲೆಯಲ್ಲಿ ಉಳಿದ ಎರಡು ಬೊಗಸೆ ಹಸಿ ಸಾಕು ನೂರಾರು ನೊಣಕ್ಕೆ. ತೆಗೆದದ್ದನ್ನು ಎರಡರಲ್ಲಿ ಒಂದು ಮಾಡಿ. ಬಿಸಿಲಿದ್ದರೆ ಹೊಲದಲ್ಲಿ ಒಂದು ಅಂಗುಲಕ್ಕಿಂತ ತೆಳ್ಳಗೆ ಹರಡಿ, ಒಂದೆರಡು ದಿನದಲ್ಲಿ ಒಣಗಿ ಹುಳ ಸಾಯುತ್ತದೆ. ಮಳೆಗಾಲದಲ್ಲಿ ಅದು ಆಗದು. ಆಗ ಒತ್ತಾಗಿ ಎದೆಮಟ್ಟ ರಾಶಿ ಹಾಕಿ, ತಾಡಪತ್ರೆ ಹೊದಿಸಿ, ಅಂಚಿಗೆ ಸುತ್ತಲೂ ಮಣ್ಣು ಮುಚ್ಚಿ. ರಾಶಿಯ ಒಳಗೆ ಕಾವು 50 ಡಿಗ್ರಿ ದಾಟಿದರೆ ಹುಳ ಉಳಿಯುವುದಿಲ್ಲ. ಹುಳ ಬದುಕುವುದು ತಂಪಾದ ಅಂಚಿನಲ್ಲಿ, ಅದಕ್ಕೇ ಅಂಚು ಮುಚ್ಚುವುದು ಮುಖ್ಯ. ವಾರದ ನಂತರ ಅಂಚಿನದನ್ನು ನಡುವಿಗೆ ಎಳೆದು ಮತ್ತೆ ಮುಚ್ಚಿ.

ಮುಧೋಳ, ಜಮಖಂಡಿ, ಗೋಕಾಕ, ಅಥಣಿಯ ಕಬ್ಬಿನ ಸೀಮೆಯವರಿಗೂ ಇದರಲ್ಲಿ ಎಚ್ಚರಿಕೆ ಇದೆ. ಬ್ರೆಜಿಲ್‌ನಲ್ಲಿ ಕಬ್ಬಿನ ರವದಿ (ಒಣಗಿದ ಸೋಗೆ) ಸುಡುವುದು ನಿಂತು, ಹೊಲದಲ್ಲೇ ಬಿಟ್ಟ ರವದಿಯ ಮೇಲೆ ಡಿಸ್ಟಿಲರಿಯ ತ್ಯಾಜ್ಯ ನೀರು ಹರಿಸತೊಡಗಿದ ಮೇಲೆ, ಸುತ್ತಲಿನ ದನಗಳಿಗೆ ಕೊಟ್ಟಿಗೆ ನೊಣದ ದೊಡ್ಡ ಹಾವಳಿಗಳೇ ಬಂದವು. ರವದಿ ಸುಡಬೇಕು ಅಂತ ನಾನು ಹೇಳುತ್ತಿಲ್ಲ, ಮಣ್ಣಿಗೆ ಅದು ಬೇಕು. ಒಣ ರವದಿಯಲ್ಲಿ ನೊಣ ಹುಟ್ಟುವುದಿಲ್ಲ. ರವದಿಯ ಮೇಲೆ ತ್ಯಾಜ್ಯ ನೀರು, ಪ್ರೆಸ್ ಮಡ್ (ಸಕ್ಕರೆ ಕಾರ್ಖಾನೆಯಲ್ಲಿ ರಸ ಸೋಸಿ ಉಳಿದ ರಾಡಿ) ಅಥವಾ ಹಸಿ ಸಗಣಿ ಬಿದ್ದು ವಾರಗಟ್ಟಲೆ ನೆನೆದಾಗ ಹುಟ್ಟುತ್ತದೆ. ಪ್ರೆಸ್ ಮಡ್ ತರಿಸಿದರೆ ದನದ ಮನೆಯಿಂದ ದೂರ ಇಳಿಸಿ, ಬೇಗ ಹರಡಿ ಮಣ್ಣಲ್ಲಿ ಬೆರೆಸಿ. ಗೋದಲಿಯಲ್ಲಿ ಉಳಿದ ಕಬ್ಬಿನ ವಾಡೆಯನ್ನು ದನದ ಕಾಲಡಿ ತುಳಿಯಲು ಬಿಡಬೇಡಿ.

ಎಮ್ಮೆ ನೊಣದ ಲೆಕ್ಕ ಬೇರೆ. ಅದು ಹುಲ್ಲುಗಾವಲಿನ ಹೆಂಡಿಯಲ್ಲೇ ಎರಡು ವಾರದೊಳಗೆ ಬೆಳೆಯುವುದರಿಂದ ಕೊಟ್ಟಿಗೆ ಬಳಿದರೆ ತಗ್ಗುವುದಿಲ್ಲ. ಅಲ್ಲಿ ಸಗಣಿ ಹುಳುಗಳು, ಅಂದರೆ ಸಗಣಿ ತಿನ್ನುವ ದುಂಬಿಗಳು, ನಮ್ಮ ಪರ ಕೆಲಸ ಮಾಡುತ್ತವೆ. ಹಸಿ ಹೆಂಡಿಯನ್ನು ಒಂದೆರಡು ದಿನದಲ್ಲಿ ಪುಡಿ ಮಾಡಿ ಮಣ್ಣಿಗೆ ಇಳಿಸಿದರೆ ನೊಣದ ಮರಿಗೆ ನೆಲೆಯೇ ಇಲ್ಲ. ಆಸ್ಟ್ರೇಲಿಯಾ 1960ರ ದಶಕದ ಕೊನೆಯಿಂದ ಹೊರದೇಶಗಳ ಸಗಣಿ ಹುಳುಗಳನ್ನು ತರಿಸಿ ಬಿಟ್ಟಿದ್ದು ಇದೇ ಕಾರಣಕ್ಕೆ. ನಮ್ಮಲ್ಲಿ ಅವು ತಾವಾಗಿಯೇ ಇವೆ, ಕೆಡಿಸದಿದ್ದರೆ ಸಾಕು. ಜಂತು, ಉಣ್ಣೆಗಳಿಗೆ ಕೊಡುವ ಐವರ್ಮೆಕ್ಟಿನ್ ಚುಚ್ಚಿದ ದನದ ಸಗಣಿಯಲ್ಲಿ ಔಷಧಿಯ ಅಂಶ ವಾರಗಟ್ಟಲೆ ಉಳಿದು ಈ ಹುಳುಗಳ ಮರಿಯನ್ನು ಕೊಲ್ಲುತ್ತದೆ. ಹಾಲಿಗೂ ಇಳಿಯುತ್ತದೆ. ನೊಣಕ್ಕೆಂದು ಅದನ್ನು ಚುಚ್ಚಿಸಬೇಡಿ.

ಕುದುರೆ ನೊಣ ಹುಟ್ಟುವ ದಂಡೆಯನ್ನು ನಾವು ಯಾರೂ ಬಳಿಯಲಾರೆವು. ಅಲ್ಲಿ ಇರುವುದು ಹೊತ್ತು ತಪ್ಪಿಸುವ ದಾರಿ. ಬೆಳಕು ಹರಿಯುವ ಮುಂಚೆ, ಐದೂವರೆಗೆಲ್ಲ ಮೇಯಲು ಬಿಟ್ಟು ಒಂಬತ್ತರೊಳಗೆ ವಾಪಸ್ ತನ್ನಿ. ಹತ್ತರಿಂದ ನಾಲ್ಕೂವರೆಯವರೆಗೆ ಕೊಟ್ಟಿಗೆಯ ಮಬ್ಬಿನಲ್ಲಿ ಇರಲಿ. ಕುದುರೆ ನೊಣ ಕತ್ತಲಿದ್ದ ಮಾಡಿನೊಳಗೆ ಸಾಮಾನ್ಯವಾಗಿ ನುಗ್ಗುವುದಿಲ್ಲ. ಮತ್ತೆ ಐದರಿಂದ ಕತ್ತಲಾಗುವವರೆಗೆ ಮೇಯಲಿ. ಬಯಲ ಊರುಗಳಲ್ಲಿ ಬೆಳದಿಂಗಳ ರಾತ್ರಿ ಮೇಯಿಸುವುದೂ ಒಳ್ಳೆಯದೇ, ಚಿರತೆ ಓಡಾಡುವ ಖಾನಾಪುರದ ಕಡೆ ಬೇಡ. ನಡುಹಗಲು ಬಿಡಲೇಬೇಕಾದರೆ ದಂಡೆ ಬಿಟ್ಟು ಗಾಳಿ ಬೀಸುವ ದಿಬ್ಬಕ್ಕೆ ಹೊಡೆದುಕೊಂಡು ಹೋಗಿ. ಗಾಳಿಗೆ ನೊಣ ಹಾರಲಾರದು. ಕೊಟ್ಟಿಗೆಯಲ್ಲಿ ಫ್ಯಾನ್ ಇದ್ದರೆ ಬೆನ್ನಿಗಲ್ಲ, ಕಾಲು ಹೊಟ್ಟೆಯ ಮಟ್ಟಕ್ಕೆ ಗಾಳಿ ಬೀಳುವಂತೆ ಇಳಿಸಿ. ಬೇವಿನ ಸೊಪ್ಪಿನ ಹೊಗೆ ಹಾಕುವ ವಾಡಿಕೆ ಒಳ್ಳೆಯದು, ಹೊಗೆ ಇರುವಷ್ಟು ಹೊತ್ತು ಮಾತ್ರ ಅದರ ಗುಣ. ಮುಚ್ಚಿದ ಕೋಣೆಯಲ್ಲಿ ಕರುಗಳನ್ನು ಕಟ್ಟಿ ಹೊಗೆ ಹಾಕಿದರೆ ಅವಕ್ಕೆ ಉಸಿರಿನ ತೊಂದರೆಯಾಗುತ್ತದೆ.

ಇನ್ನು ಔಷಧಿ. ಹೊಡೆಯುವುದೇ ಆದರೆ ಸರಿಯಾದ ಜಾಗಕ್ಕೆ ಹೊಡೆಯಿರಿ. ಕೊಟ್ಟಿಗೆ ನೊಣಕ್ಕೆ ನಾಲ್ಕೂ ಕಾಲು ಮತ್ತು ಹೊಟ್ಟೆಯಡಿ, ಜೊತೆಗೆ ನೊಣ ಕೂತು ದಣಿವಾರಿಸಿಕೊಳ್ಳುವ ಬಿಸಿಲು ಗೋಡೆ ಮತ್ತು ಕಂಬ. ಕಾಲಿನ ಔಷಧಿ ಇಬ್ಬನಿ, ಕೆಸರು, ಗಂಜಲಕ್ಕೆ ತೊಳೆದು ಹೋಗುತ್ತದೆ, ನೀರಿಗಿಳಿದರೆ ಕೇಳುವುದೇ ಬೇಡ. ಎರಡು ದಿನಕ್ಕೆ ನೊಣ ಮರಳುವುದರ ಒಂದು ಕಾರಣ ಇದು. ಎಮ್ಮೆ ನೊಣಕ್ಕೆ ಬೆನ್ನಿಗೆ ಹೊಡೆದದ್ದು ಚೆನ್ನಾಗಿ ಹತ್ತುತ್ತದೆ, ಅದು ಅಲ್ಲೇ ವಾಸವಿರುವುದರಿಂದ. ದನಗಳಿಗೆಂದೇ ಬರುವ 1.25% ಡೆಲ್ಟಾಮೆಥ್ರಿನ್ ದ್ರಾವಣವಾದರೆ ಲೀಟರ್ ನೀರಿಗೆ 2 ಮಿ.ಲೀ. ರೂಢಿಯ ಅಳತೆ; ಡಬ್ಬಿಯ ಚೀಟಿ ಬೇರೆ ಹೇಳಿದರೆ ಚೀಟಿಯ ಮಾತೇ ಅಂತಿಮ. ಹೊಡೆಯುವ ಮೊದಲು ಹೊಟ್ಟೆ ತುಂಬ ನೀರು ಕುಡಿಸಿ, ಮೈ ನೆಕ್ಕುವುದು ತಪ್ಪುತ್ತದೆ. ಗಾಯದ ಮೇಲೆ, ಕಣ್ಣಿಗೆ, ಕೆಚ್ಚಲಿಗೆ ಬೀಳಬಾರದು. ಹಾಲು ಹಿಂಡಿದ ಮೇಲೆ, ಇಳಿಹೊತ್ತಿನಲ್ಲಿ ಹೊಡೆದು, ಮರುದಿನ ಕೆಚ್ಚಲು ತೊಳೆದು ಹಿಂಡಿ. ಹೊಡೆದ ದಿನ ದನವನ್ನು ಹಿನ್ನೀರಿಗೆ ಇಳಿಸಬೇಡಿ, ಪಂಪನ್ನೂ ಅಲ್ಲಿ ತೊಳೆಯಬೇಡಿ. ಈ ಔಷಧಿ ಮೀನಿಗೆ ಕಡುವಿಷ.

ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಫ್ಲುಮೆಥ್ರಿನ್ ಮೂರೂ ಒಂದೇ ಕುಲದವು. ಡಬ್ಬಿ ಬದಲಿಸಿದರೆ ಔಷಧಿ ಬದಲಿಸಿದಂತಲ್ಲ, ಒಂದಕ್ಕೆ ಬಗ್ಗದ ನೊಣ ಇನ್ನೊಂದಕ್ಕೂ ಬಗ್ಗುವುದಿಲ್ಲ. ವಾರ ವಾರ ಹೊಡೆದಷ್ಟೂ ಬಗ್ಗದ ನೊಣಗಳೇ ಉಳಿದು ಮರಿ ಮಾಡುತ್ತವೆ. ಎಣಿಕೆ ಮಿತಿ ದಾಟಿದಾಗ ಮಾತ್ರ ಹೊಡೆಯಿರಿ. ದ್ರಾಕ್ಷಿಗೆ, ಹತ್ತಿಗೆ ತಂದ ಕೀಟನಾಶಕವನ್ನು ಯಾವ ಕಾರಣಕ್ಕೂ ದನದ ಮೈಗೆ ಹಾಕಬೇಡಿ. ಜೊಲ್ಲು, ನಡುಕ, ಉಸಿರಿನ ತೊಳಲಾಟ ಕಂಡು ಕೆಲವೇ ಗಂಟೆಯಲ್ಲಿ ದನ ಹೋಗಿಬಿಡಬಹುದು. ಹಾಗಾದರೆ ಸೋಪು ಹಾಕಿ ಮೈ ತೊಳೆದು ಕೂಡಲೇ ವೈದ್ಯರನ್ನು ಕರೆಸಿ, ಡಬ್ಬಿಯನ್ನು ತೋರಿಸಿ. ದಿನದ ಬಳಕೆಗೆ ಲೀಟರ್ ನೀರಿಗೆ 20 ಮಿ.ಲೀ. ಬೇವಿನ ಎಣ್ಣೆ, ಬೆರೆಯಲು ಸ್ವಲ್ಪ ಸೋಪಿನ ನೀರು ಹಾಕಿ ಮೇಯಲು ಬಿಡುವ ಮುಂಚೆ ಕಾಲಿಗೆ ಸವರಬಹುದು. ಕೆಲವು ಗಂಟೆಯಾದರೂ ನೊಣವನ್ನು ದೂರವಿಡುತ್ತದೆ.

ಬೆಳೆಗೆ ಹಾಕುವ ನೀಲಿ ಅಂಟು ಹಾಳೆ ನಿಮ್ಮ ಕಡೆಯ ದಾಳಿಂಬೆ, ದ್ರಾಕ್ಷಿ ಬೆಳೆಗಾರರಿಗೆ ಗೊತ್ತಿರುವುದೇ. ಕೊಟ್ಟಿಗೆ ನೊಣವೂ ನೀಲಿ ಮತ್ತು ಬಿಳಿ ಬಣ್ಣಕ್ಕೆ ಬರುತ್ತದೆ, ಹಳದಿಗೆ ಅಷ್ಟಾಗಿ ಇಲ್ಲ. ತಿಪ್ಪೆಗೂ ಕೊಟ್ಟಿಗೆಗೂ ನಡುವೆ, ಬಿಸಿಲಲ್ಲಿ, ನೆಲದಿಂದ ಒಂದು ಅಡಿ ಮೇಲಿನಿಂದ ಮೂರು ಅಡಿ ಎತ್ತರದೊಳಗೆ, ದನದ ಬಾಯಿಗೆ ಎಟುಕದಂತೆ ನಿಲ್ಲಿಸಿ. ಎತ್ತರಕ್ಕೆ ಕಟ್ಟಿದರೆ ಸಿಗುವುದಿಲ್ಲ, ಕಾಲು ಹುಡುಕುವ ನೊಣ ತಗ್ಗಿನಲ್ಲೇ ಹಾರುತ್ತದೆ. ಧೂಳು ಕೂತರೆ ಅಂಟು ಸಾಯುತ್ತದೆ, ವಾರಕ್ಕೊಮ್ಮೆ ಬದಲಿಸಿ. ಇದರಿಂದ ನೊಣ ನಿರ್ಮೂಲವಾಗುತ್ತದೆ ಅಂತ ನಂಬಬೇಡಿ, ಕೊಟ್ಟಿಗೆ ಬಳಿಯುವ ಕೆಲಸದ ಜೊತೆಗಿದ್ದರೆ ಒಳ್ಳೆಯ ನೆರವು.

ಕೊನೆಗೆ ರೋಗದ ವಿಷಯ. ಕುದುರೆ ನೊಣದ ಕೊಯ್ತ ನೋವಾಗುವಂಥದ್ದು, ದನ ಅದನ್ನು ಅರ್ಧಕ್ಕೇ ಓಡಿಸುತ್ತದೆ. ಬಾಯಲ್ಲಿ ಹಸಿ ರಕ್ತ ಇರುವಾಗಲೇ ಅದು ಪಕ್ಕದ ದನಕ್ಕೆ ಕೂತು ಊಟ ಮುಗಿಸುತ್ತದೆ. ರಕ್ತದಲ್ಲಿ ಬೆಳೆಯುವ ರೋಗಾಣುವಿನಿಂದ ಬರುವ ಸರ್ರಾ ರೋಗ ಹರಡುವುದು ಹೀಗೆ. ಅದರ ರೋಗಾಣುವನ್ನು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ 1880ರಲ್ಲಿ ಅಂದಿನ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಕಂಡುಹಿಡಿದ. 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡು 2022ರಲ್ಲಿ ನಮ್ಮ ಜಿಲ್ಲೆಗಳನ್ನೂ ಕಾಡಿದ ಚರ್ಮಗಂಟು ರೋಗವನ್ನೂ ಕಚ್ಚುವ ಕೀಟಗಳೇ ಹೊತ್ತು ತಿರುಗುತ್ತವೆ. ಬಿಟ್ಟು ಬಿಟ್ಟು ಬರುವ ಜ್ವರ, ಕಣ್ಣಲ್ಲಿ ನೀರು, ದಿನೇ ದಿನೇ ಸೊರಗುವುದು, ಒಂದೇ ಕಡೆ ಸುತ್ತುವುದು, ತಲೆಯನ್ನು ಗೋಡೆಗೆ ಒತ್ತುವುದು ಕಂಡರೆ ಸರ್ರಾ ಇರಬಹುದು. ಅಂಥ ದನವನ್ನು ಹಿಂಡಿನಿಂದ ದೂರ, ಕತ್ತಲ ಮಾಡಿನಲ್ಲಿ ಕಟ್ಟಿ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ಪಶು ಆಸ್ಪತ್ರೆಗೆ ತಿಳಿಸಿ. ರಕ್ತವನ್ನು ಜ್ವರ ಏರಿದ ಹೊತ್ತಿಗೇ ತೆಗೆಸಿ, ಜ್ವರ ಇಳಿದಾಗ ತೆಗೆದ ರಕ್ತದಲ್ಲಿ ರೋಗಾಣು ಕಾಣದೇ ಹೋಗಬಹುದು. ವೈದ್ಯರು ಬರುವಷ್ಟರಲ್ಲಿ ಬೆಳಿಗ್ಗೆ ಸಂಜೆಯ ಜ್ವರದ ಅಳತೆ, ಮೇವು ಬಿಟ್ಟ ದಿನ, ಮೇಯಿಸಿದ ಜಾಗ ಮೂರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟಿರಿ.